ಮಂಡಿ ಸವೆದವರು ಮೋಸೆಲ್ ಕಣಿವೆಯಲ್ಲಿ ಸೈಕಲ್ ತುಳಿಯಬಹುದೇ?

ಪ್ರಶ್ನೆ: ನಾನು ಸಾಗರದ ಕಡೆಯ ನಿವೃತ್ತ ಹೈಸ್ಕೂಲ್ ಮೇಷ್ಟ್ರು, ವಯಸ್ಸು 64. ಮಗಳು, ಅಳಿಯ ಫ್ರಾಂಕ್‌ಫರ್ಟ್‌ನಲ್ಲಿದ್ದಾರೆ. ಸೆಪ್ಟೆಂಬರ್ ಕೊನೆಯಲ್ಲಿ ನಾವಿಬ್ಬರೂ ಅಲ್ಲಿಗೆ ಹೋಗುತ್ತಿದ್ದೇವೆ. ಮೋಸೆಲ್ ನದಿಯ ಪಕ್ಕ ಟ್ರಿಯರ್‌ನಿಂದ ಕೊಬ್ಲೆಂಜ್‌ವರೆಗೆ ದ್ರಾಕ್ಷಿತೋಟ, ಕೋಟೆಗಳನ್ನು ನೋಡುತ್ತಾ ನಾಲ್ಕು ದಿನ ಸೈಕಲ್‌ನಲ್ಲಿ ಹೋಗೋಣ, ದಿನಕ್ಕೆ 50 ಕಿ.ಮೀ. ಆಗುತ್ತದೆ ಎಂದು ಮಗಳ ಯೋಜನೆ. ನಾನು ಇಪ್ಪತ್ತು ವರ್ಷ ಸೈಕಲ್‌ನಲ್ಲೇ ಶಾಲೆಗೆ ಹೋದವನು, ನನಗೆ ಭಯವಿಲ್ಲ. ಬಿ.ಪಿ. ಮಾತ್ರೆ ಮಾತ್ರ ತೆಗೆದುಕೊಳ್ಳುತ್ತೇನೆ. ನನ್ನ ಹೆಂಡತಿಗೆ 58. ಎಡಮಂಡಿಯಲ್ಲಿ ಸವೆತ ಇದೆ, ಎಕ್ಸ್‌ರೇ ನೋಡಿದ ಡಾಕ್ಟರು ಎರಡನೇ ಹಂತ ಎಂದಿದ್ದಾರೆ. ಮೆಟ್ಟಿಲು ಇಳಿಯುವಾಗ ನೋವು, ನೆಲದ ಮೇಲೆ ಕೂತರೆ ಏಳುವುದು ಕಷ್ಟ. ಸೈಕಲ್ ಬರುತ್ತದೆ, ಆದರೆ ಮುಟ್ಟಿ ಇಪ್ಪತ್ತೈದು ವರ್ಷವಾಯಿತು. 'ಕಣಿವೆ, ಕೋಟೆ ಅಂದರೆ ಬರೀ ಏರು. ಇದ್ದಬದ್ದ ಮಂಡಿಯೂ ಹೋಗುತ್ತದೆ' ಎಂದು ನೆಂಟರು ಹೆದರಿಸುತ್ತಿದ್ದಾರೆ. ಮಗಳು ಬ್ಯಾಟರಿ ಸೈಕಲ್ ಎನ್ನುತ್ತಾಳೆ, ಅದು ವಯಸ್ಸಾದವರಿಗೆ ಅಪಾಯವೆಂದು ಕೇಳಿದ್ದೇವೆ. ಇವಳನ್ನು ಕರೆದುಕೊಂಡು ಹೋಗಬಹುದೇ, ಅಥವಾ ನಾನೊಬ್ಬನೇ ಮಗಳ ಜೊತೆ ಹೋಗಿಬರಲೇ?

ಉತ್ತರ: ಮೇಷ್ಟ್ರೇ, ಅವರನ್ನು ಬಿಟ್ಟು ಹೋಗಬೇಡಿ. ನಿಮ್ಮ ಪತ್ರ ಓದಿದ ಮೇಲೆ ನನಗೆ ಹೆಚ್ಚು ಚಿಂತೆಯಾದದ್ದು ಅವರ ಮಂಡಿಯದಲ್ಲ, ಎರಡು ಬೇರೆ ವಿಷಯಗಳದು: ದಿನಕ್ಕೆ 50 ಕಿ.ಮೀ. ಎಂಬ ಲೆಕ್ಕ, ಮತ್ತು ನೀವು ಸೈಕಲ್ ಹತ್ತುವ ರೀತಿ. ಎರಡನೆಯದು ಏಕೆ ಎಂದು ಮುಂದೆ ಹೇಳುತ್ತೇನೆ.

ನಾನು ಫಿಸಿಯೋಥೆರಪಿಸ್ಟ್. ತೀರ್ಥಹಳ್ಳಿಯ ಕಡೆಯವಳು, ಹದಿನಾಲ್ಕು ವರ್ಷದಿಂದ ಕೊಬ್ಲೆಂಜ್‌ನಲ್ಲಿ ಕೆಲಸ. ನನ್ನ ಬಳಿ ಬರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಮಂಡಿಯವರು. ಬೇಸಿಗೆಯ ಶನಿವಾರ, ಭಾನುವಾರಗಳಲ್ಲಿ ನಾನು ಸೈಕಲ್ ತುಳಿಯುವುದು ಇದೇ ಮೋಸೆಲ್ ದಡದಲ್ಲಿ. ಊರಿನಿಂದ ಬಂದ ಎಷ್ಟೋ ಅಪ್ಪ, ಅಮ್ಮಂದಿರ ಜೊತೆ ಈ ದಾರಿಯಲ್ಲಿ ಹೋಗಿದ್ದೇನೆ.

ಮೊದಲು 'ಬರೀ ಏರು' ಎಂಬ ಮಾತು. ಮಲೆನಾಡಿನವರಿಗೆ ಕಣಿವೆ ಎಂದ ಕೂಡಲೇ ಕಣ್ಣ ಮುಂದೆ ಬರುವುದು ಆಗುಂಬೆ ಘಾಟಿ. ಮೋಸೆಲ್ ಹಾಗಲ್ಲ. ಇಲ್ಲಿ ಬೆಟ್ಟ ಕಡಿದಾಗಿದೆ ನಿಜ. ಬ್ರೆಮ್ ಎಂಬ ಊರಿನ ಮೇಲಿರುವ ಕಾಲ್ಮೊಂಟ್ ದ್ರಾಕ್ಷಿತೋಟ ಯುರೋಪಿನಲ್ಲೇ ಅತಿ ಕಡಿದಾದವುಗಳಲ್ಲಿ ಒಂದು, ಕೆಲವು ಕಡೆ ಇಳಿಜಾರು 60 ಡಿಗ್ರಿ ದಾಟುತ್ತದೆ. ಆದರೆ ಸೈಕಲ್ ದಾರಿ ಬೆಟ್ಟ ಹತ್ತುವುದಿಲ್ಲ, ಕೆಳಗೆ ನೀರಿನ ಪಕ್ಕದಲ್ಲೇ ಸಾಗುತ್ತದೆ. ಟ್ರಿಯರ್‌ನಿಂದ ಕೊಬ್ಲೆಂಜ್‌ಗೆ ನದಿಯ ಜಾಡಿನಲ್ಲಿ ಸುಮಾರು 190 ಕಿ.ಮೀ. ಅಷ್ಟು ದೂರಕ್ಕೆ ನದಿ ಇಳಿಯುವುದು 60-70 ಮೀಟರ್ ಮಾತ್ರ, ಅಂದರೆ ಮೂರು ಕಿಲೋಮೀಟರಿಗೆ ಒಂದು ಮೀಟರ್. ಆ ಇಳಿತವೂ ಒಂದೇ ಸಮನಾಗಿಲ್ಲ. 1958ರಿಂದ 1964ರವರೆಗೆ ಹಡಗು ಸಂಚಾರಕ್ಕಾಗಿ ಈ ನದಿಗೆ ಒಡ್ಡು ಕಟ್ಟಿ, ಹಡಗು ಇಳಿಸಿ ಏರಿಸುವ ಕಟ್ಟೆಗಳನ್ನು ಮಾಡಿದರು. ಟ್ರಿಯರ್‌ನಿಂದ ಕೊಬ್ಲೆಂಜ್‌ವರೆಗೆ ಅಂಥವು ಹತ್ತು ಇವೆ. ಹಾಗಾಗಿ ನದಿ ಹತ್ತು ಮೆಟ್ಟಿಲಿನ ಉದ್ದನೆಯ ಕೆರೆಯಂತೆ ಮಲಗಿದೆ. 'ನದಿ ಹರಿಯುವ ಕಡೆಗೇ ಹೋದರೆ ಇಳಿಜಾರು, ಸುಲಭ' ಎಂದು ಟ್ರಿಯರ್‌ನಿಂದಲೇ ಹೊರಡಬೇಕೆನ್ನುವವರಿದ್ದಾರೆ. ಆ ಇಳಿಜಾರು ಕಾಲಿಗೆ ಗೊತ್ತೇ ಆಗುವುದಿಲ್ಲ.

ಇಲ್ಲಿ ದಾರಿ ಉದ್ದವಾಗಿರುವುದು ತಿರುವುಗಳಿಂದ. ಲಕ್ಷಾಂತರ ವರ್ಷಗಳ ಹಿಂದೆ ಬಯಲಿನಲ್ಲಿ ಹಾವಿನಂತೆ ಹರಿಯುತ್ತಿದ್ದ ನದಿಯ ಕೆಳಗಿನ ನೆಲ ನಿಧಾನವಾಗಿ ಮೇಲೆದ್ದಿತು. ನದಿ ತನ್ನ ಜಾಡು ಬಿಡದೆ ಅಲ್ಲೇ ಕೊರೆದುಕೊಂಡು ಕೆಳಗಿಳಿಯಿತು. ಬರ್ನ್‌ಕಾಸ್ಟೆಲ್‌ನಿಂದ ಟ್ರಾರ್ಬಾಖ್‌ಗೆ ಗುಡ್ಡ ಹತ್ತಿ ಇಳಿದರೆ ಆರೇಳು ಕಿ.ಮೀ., ನದಿ ಹಿಡಿದು ಹೋದರೆ 24 ಕಿ.ಮೀ. ಬೆಟ್ಟದ ಕಲ್ಲು ಪದರಪದರವಾಗಿ ಸೀಳುವ ಕಪ್ಪು ಸ್ಲೇಟು. ಹಗಲಿನ ಬಿಸಿ ಹಿಡಿದು ರಾತ್ರಿ ಬಿಡುವ ಈ ಕಲ್ಲು, ದಕ್ಷಿಣಕ್ಕೆ ಮುಖ ಮಾಡಿದ ಕಡಿದು ಇಳಿಜಾರು, ಕೆಳಗೆ ಬಿಸಿಲನ್ನು ಹಿಂದಕ್ಕೆ ಎಸೆಯುವ ನೀರು: ಇಷ್ಟು ಸೇರಿದ್ದರಿಂದಲೇ ಇಂಥ ಚಳಿ ಸೀಮೆಯಲ್ಲಿ ರೀಸ್ಲಿಂಗ್ ದ್ರಾಕ್ಷಿ ಹಣ್ಣಾಗುತ್ತದೆ. ಬೆಟ್ಟವನ್ನು ಕೆಳಗಿನಿಂದ ನೋಡುವುದೇ ಇಲ್ಲಿ ಸೊಗಸು. ಅದನ್ನು ಹತ್ತಬೇಕಾಗಿಲ್ಲ.

ಇನ್ನು ಮಂಡಿ. ಸೈಕಲ್ ತುಳಿದರೆ ಸವೆದ ಮಂಡಿ ಇನ್ನೂ ಸವೆಯುತ್ತದೆ ಎಂಬುದು ನಾನು ವಾರಕ್ಕೆ ನಾಲ್ಕು ಸಲ ಕೇಳುವ ಮಾತು. ಕೀಲನ್ನು ಎತ್ತಿನಗಾಡಿಯ ಕೀಲಿನಂತೆ ಕಲ್ಪಿಸಿಕೊಳ್ಳುವುದರಿಂದ ಈ ತಪ್ಪು ಹುಟ್ಟುತ್ತದೆ. ಮಂಡಿಯೊಳಗಿನ ಮೃದುವಾದ ಎಲುಬಿನ ಹೊದಿಕೆಗೆ ರಕ್ತನಾಳವಿಲ್ಲ. ಅದುಮಿದಾಗ ಹಿಂಡಿ, ಬಿಟ್ಟಾಗ ಹೀರುವ ಸ್ಪಂಜಿನಂತೆ ಅದು ಕೀಲಿನ ದ್ರವದಿಂದಲೇ ಆಹಾರ ಪಡೆಯಬೇಕು. ಅದಕ್ಕೆ ಚಲನೆ ಬೇಕು. ಮಂಡಿ ಸವೆತಕ್ಕೆ ಇವತ್ತು ಜಗತ್ತಿನೆಲ್ಲೆಡೆ ಮೊದಲು ಹೇಳುವ ಚಿಕಿತ್ಸೆಯೇ ವ್ಯಾಯಾಮ. ಅದರಲ್ಲಿ ಸೈಕಲ್‌ಗೆ ವಿಶೇಷ ಜಾಗವಿದೆ, ಏಕೆಂದರೆ ದೇಹದ ಬಹುಪಾಲು ಭಾರ ಸೀಟಿನ ಮೇಲಿರುತ್ತದೆ.

ಇದು ಬರೀ ಊಹೆಯಲ್ಲ. ಬರ್ಲಿನ್ನಿನ ಶಾರಿಟೆ ಆಸ್ಪತ್ರೆಯ ಸಂಶೋಧಕರು ಕೃತಕ ಮಂಡಿಯೊಳಗೆ ಅಳತೆಯ ಸಾಧನವನ್ನೇ ಕೂರಿಸಿ, ಆ ರೋಗಿಗಳು ದಿನನಿತ್ಯದ ಕೆಲಸ ಮಾಡುವಾಗ ಬೀಳುವ ಭಾರ ಅಳೆದಿದ್ದಾರೆ. ಸಮತಟ್ಟಿನಲ್ಲಿ ನಡೆಯುವಾಗ ಮಂಡಿಯ ಮೇಲೆ ದೇಹತೂಕದ ಸುಮಾರು ಎರಡೂವರೆ ಪಟ್ಟು ಭಾರ. ಮೆಟ್ಟಿಲು ಇಳಿಯುವಾಗ ಸುಮಾರು ಮೂರೂವರೆ ಪಟ್ಟು. ಹದವಾಗಿ ಸೈಕಲ್ ತುಳಿಯುವಾಗ ಹೆಚ್ಚುಕಡಿಮೆ ದೇಹತೂಕದಷ್ಟೇ. ಈ ಮೂರು ಅಂಕಿಗಳನ್ನು ನಿಮ್ಮ ಪ್ರವಾಸದ ಮೇಲೆ ಇಟ್ಟು ನೋಡಿ. ನಿಮ್ಮ ಮನೆಯವರ ಮಂಡಿಗೆ ನೋವಾಗುವುದು ನದಿ ದಡದ 30 ಕಿಲೋಮೀಟರಿನಲ್ಲಿ ಅಲ್ಲ, ಸಂಜೆ ಕೋಟೆ ನೋಡಿ ಕಲ್ಲಿನ ಮೆಟ್ಟಿಲು ಇಳಿಯುವ ಇಪ್ಪತ್ತು ನಿಮಿಷದಲ್ಲಿ.

ಎಕ್ಸ್‌ರೇಯ 'ಎರಡನೇ ಹಂತ'ಕ್ಕೆ ಹೆದರಬೇಡಿ. ಚಿತ್ರಕ್ಕೂ ನೋವಿಗೂ ತಾಳೆಯಾಗದ ಮಂಡಿಗಳು ಬೇಕಾದಷ್ಟಿವೆ. ನನಗೆ ಬೇಕಾದ ಉತ್ತರಗಳು ಬೇರೆ. ಮಂಡಿ ಊದಿಕೊಂಡು ಬಿಸಿಯಾಗುತ್ತದೆಯೇ? ನಡೆಯುವಾಗ ಇದ್ದಕ್ಕಿದ್ದಂತೆ ಕುಸಿಯುತ್ತದೆಯೇ? ಮಡಿಸಿದ್ದು ಬಿಡಿಸಲಾಗದೆ ಸಿಕ್ಕಿಕೊಳ್ಳುತ್ತದೆಯೇ? ರಾತ್ರಿ ನಿದ್ದೆಗೆಡಿಸುವ ನೋವಿದೆಯೇ? ಇವುಗಳಲ್ಲಿ ಒಂದಕ್ಕೆ ಹೌದು ಎಂದರೂ ಟಿಕೆಟ್ಟಿಗಿಂತ ಮೊದಲು ಮೂಳೆ ಡಾಕ್ಟರನ್ನು ಕಾಣಿ. ನೀವು ಬರೆದ ಲಕ್ಷಣಗಳಷ್ಟೇ ಇದ್ದರೆ, ಅವರು ಸೈಕಲ್ ತುಳಿಯಬಹುದು.

ತುಳಿಯುವ ಕ್ರಮ ಮಾತ್ರ ಬದಲಾಗಬೇಕು. ನಮ್ಮೂರಿನಲ್ಲಿ ಎಲ್ಲರೂ ಸೀಟನ್ನು ತಗ್ಗಿಸಿ ಇಟ್ಟುಕೊಳ್ಳುತ್ತಾರೆ, ಎರಡೂ ಪಾದ ನೆಲಕ್ಕೆ ಊರಲಿ ಎಂದು. ಹಾಗೆ ಕೂತರೆ ಮಂಡಿ ಪ್ರತಿ ಸುತ್ತಿನಲ್ಲೂ ತುಂಬ ಮಡಚುತ್ತದೆ, ಮಂಡಿಚಿಪ್ಪು ಕೆಳಗಿನ ಎಲುಬಿಗೆ ಒತ್ತಿಕೊಳ್ಳುತ್ತದೆ. ಮೂವತ್ತು ಕಿಲೋಮೀಟರಿನಲ್ಲಿ ಅಂಥ ಸುತ್ತು ಸಾವಿರಾರು. ಮುಂಭಾಗದ ಮಂಡಿನೋವಿನಿಂದ ಪ್ರವಾಸ ಅರ್ಧಕ್ಕೆ ನಿಲ್ಲಿಸಿದವರ ಸೈಕಲ್ ನೋಡಿದಾಗಲೆಲ್ಲ ನನಗೆ ಸಿಕ್ಕಿದ್ದು ತಗ್ಗಿದ ಸೀಟು. ಸರಿಯಾದ ಎತ್ತರ ಕಂಡುಕೊಳ್ಳಲು ಸುಲಭದ ದಾರಿ: ಯಾರಾದರೂ ಸೈಕಲ್ ಹಿಡಿದುಕೊಳ್ಳಲಿ, ಸೀಟಿನ ಮೇಲೆ ಕೂತು ಹಿಮ್ಮಡಿಯನ್ನು ಪೆಡಲಿನ ಮೇಲಿಡಬೇಕು. ಪೆಡಲು ತೀರ ಕೆಳಗಿದ್ದಾಗ ಕಾಲು ನೇರವಾದರೆ, ಪಾದದ ಮುಂಭಾಗದಿಂದ ತುಳಿಯುವಾಗ ಮಂಡಿ ಬೇಕಾದಷ್ಟೇ, ಸುಮಾರು 30 ಡಿಗ್ರಿ ಮಡಚಿರುತ್ತದೆ. ಅದಕ್ಕಿಂತ ಎತ್ತರವಾದರೆ ಮಂಡಿಯ ಹಿಂಭಾಗ ಎಳೆಯುತ್ತದೆ, ಸೊಂಟ ಅತ್ತಿತ್ತ ಹೊರಳುತ್ತದೆ. ಮಂಡಿಗೆ ಬೇಕಾದ ಸೀಟಿನ ಎತ್ತರ ಒಂದು ಕಡೆ, ಇಳಿಯುವ ಧೈರ್ಯ ಒಂದು ಕಡೆ. ಇಪ್ಪತ್ತೈದು ವರ್ಷ ಬಿಟ್ಟವರಿಗೆ ಮೊದಲ ದಿನ ಒಂದೆರಡು ಸೆಂಟಿಮೀಟರ್ ತಗ್ಗಿಸಿಕೊಟ್ಟು, ಧೈರ್ಯ ಬಂದಂತೆ ಏರಿಸುವುದು ನನ್ನ ಪದ್ಧತಿ.

ಗೇರು ಹಗುರವಿರಬೇಕು. ನಿಮಿಷಕ್ಕೆ 70 ಸುತ್ತಿನ ಆಸುಪಾಸು ಬೆಣ್ಣೆ ಕಡೆದಂತೆ ಸಲೀಸಾಗಿ ತಿರುಗಬೇಕು. ಭಾರದ ಗೇರಿನಲ್ಲಿ ನಿಧಾನವಾಗಿ ಒತ್ತಿ ಒತ್ತಿ ತುಳಿಯುವುದು ಬಲದ ಲಕ್ಷಣವಾಗಿ ಕಾಣುತ್ತದೆ, ಮಂಡಿಗೆ ಮಾತ್ರ ಅದು ಶತ್ರು. ಸೀಟಿನ ವಿಷಯದಲ್ಲಿಯೂ ಒಂದು ತಪ್ಪು ನಂಬಿಕೆ ಇದೆ: ದಪ್ಪ ಜೆಲ್ ತುಂಬಿದ ಅಗಲದ ಸೀಟು ಹಾಯೆಂದು. ಅರ್ಧ ಗಂಟೆ ಹಾಯಿ. ಆಮೇಲೆ ಕೂರುವ ಎಲುಬು ಅದರೊಳಗೆ ಹೂತು, ನಡುವಿನ ಮೃದು ಭಾಗದ ಮೇಲೆ ಒತ್ತಡ ಬಿದ್ದು ಮರಗಟ್ಟುತ್ತದೆ. ಎಲುಬಿಗೆ ಆಸರೆಯಾಗುವ, ಸ್ವಲ್ಪ ಗಟ್ಟಿಯಾದ ಸೀಟೇ ದೂರಕ್ಕೆ ಒಳ್ಳೆಯದು. ಜೊತೆಗೆ ಪ್ಯಾಡ್ ಇರುವ ಸೈಕಲ್ ಚಡ್ಡಿ. ಅದರ ಮೇಲೆ ಅವರು ತಮಗೊಪ್ಪುವ ಪ್ಯಾಂಟು, ಕುರ್ತಾ ಹಾಕಿಕೊಳ್ಳಲಿ. ವೇಲು ಮಾತ್ರ ಬೇಡವೇ ಬೇಡ. ಚಕ್ರಕ್ಕೆ ಸಿಕ್ಕಿದ ವೇಲು ಕ್ಷಣದಲ್ಲಿ ಕುತ್ತಿಗೆಗೆ ಬರುತ್ತದೆ.

ಈಗ ಬ್ಯಾಟರಿ ಸೈಕಲ್. ಇಲ್ಲಿ ಸಾಮಾನ್ಯವಾಗಿ ಬಾಡಿಗೆಗೆ ಸಿಗುವುದು ತುಳಿದಾಗ ಮಾತ್ರ ಮೋಟಾರು ಕೈಜೋಡಿಸುವ ಬಗೆಯದು. ಗಂಟೆಗೆ 25 ಕಿ.ಮೀ. ತಲುಪುತ್ತಲೇ ಮೋಟಾರಿನ ಸಹಾಯ ನಿಲ್ಲುತ್ತದೆ. ಜರ್ಮನಿಯ ಕಾನೂನಿನಲ್ಲಿ ಅದು ಸೈಕಲ್ಲೇ, ಲೈಸೆನ್ಸು ಬೇಡ. ಹೆಲ್ಮೆಟ್ ಕಡ್ಡಾಯವಲ್ಲ, ಆದರೂ ಹಾಕಿಕೊಳ್ಳದೆ ಹೊರಡಬೇಡಿ. ಮೋಟಾರಿದ್ದರೆ ವ್ಯಾಯಾಮವಿಲ್ಲ ಎನ್ನುವುದು ಸರಿಯಲ್ಲ, ಕಾಲು ತಿರುಗಲೇಬೇಕು. ಗಾಳಿ ಎದುರು ಬಂದಾಗ, ಸೇತುವೆಯ ಏರಿನಲ್ಲಿ, ನಿಂತಲ್ಲಿಂದ ಹೊರಡುವಾಗ ಮಂಡಿ ಮೇಲೆ ಬೀಳುವ ಹಠಾತ್ ಭಾರವನ್ನು ಅದು ಹೊತ್ತುಕೊಳ್ಳುತ್ತದೆ. ನಿಮ್ಮ ಮನೆಯವರಿಗೆ ಅದನ್ನೇ ಕೊಡಿಸಿ, ನಡುವೆ ಕೊಳವೆ ಅಡ್ಡವಿಲ್ಲದ ತಗ್ಗು ಚೌಕಟ್ಟಿನದು.

ಅಪಾಯ ಇಲ್ಲವೆಂದಲ್ಲ. ಹಿರಿಯರು ಬ್ಯಾಟರಿ ಸೈಕಲ್‌ನಿಂದ ಬಿದ್ದು ನನ್ನ ಬಳಿ ಬಂದಾಗ ಹೇಗೆ ಬಿದ್ದಿರಿ ಎಂದು ಕೇಳುತ್ತೇನೆ. ಬಹುಪಾಲು ಜನ ವೇಗದಲ್ಲಿ ಬಿದ್ದವರಲ್ಲ. ಹತ್ತುವಾಗ, ಇಳಿಯುವಾಗ, ಜನ ಅಡ್ಡ ಬಂದರೆಂದು ನಿಂತಾಗ ಬಿದ್ದವರು. ಈ ಸೈಕಲ್ 25 ಕಿಲೋ ತೂಗುತ್ತದೆ, ಒಮ್ಮೆ ವಾಲಿದರೆ ಕೈಯಲ್ಲಿ ತಡೆಯಲಾಗುವುದಿಲ್ಲ.

ನಿಮ್ಮ ವಿಷಯ ಬಂದದ್ದು ಇಲ್ಲಿ, ಮೇಷ್ಟ್ರೇ. ಇಪ್ಪತ್ತು ವರ್ಷ ಶಾಲೆಗೆ ಸೈಕಲ್ ತುಳಿದವರು ಬಹುಶಃ ಎಡಗಾಲು ಪೆಡಲಿನ ಮೇಲಿಟ್ಟು, ಬಲಗಾಲಿನಲ್ಲಿ ನೆಲ ಒದ್ದು, ಸೈಕಲ್ ಉರುಳುತ್ತಿರುವಾಗಲೇ ಕಾಲು ಹಿಂದಿನಿಂದ ಬೀಸಿ ಹತ್ತುತ್ತೀರಿ. ನನ್ನ ಅಪ್ಪನೂ ಹಾಗೇ ಹತ್ತುತ್ತಿದ್ದರು. ಬ್ಯಾಟರಿ ಸೈಕಲ್‌ನಲ್ಲಿ ಪೆಡಲಿನ ಮೇಲೆ ಭಾರ ಬಿದ್ದ ಕೂಡಲೇ ಮೋಟಾರು ಮುಂದಕ್ಕೆ ತಳ್ಳುತ್ತದೆ. ಒಂದು ಕಾಲು ಇನ್ನೂ ಗಾಳಿಯಲ್ಲಿರುವಾಗ ಸೈಕಲ್ ಮುಂದೆ ಜಿಗಿದರೆ ಏನಾಗುತ್ತದೆಂದು ನಿಮಗೇ ಗೊತ್ತು. ಕೆಲವು ವರ್ಷದ ಹಿಂದೆ ಊರಿನಿಂದ ಬಂದಿದ್ದ ಪರಿಚಯದ ಹಿರಿಯರೊಬ್ಬರು ಕೊಖೆಮ್‌ನ ನದಿ ದಂಡೆಯಲ್ಲಿ ಸರಿಯಾಗಿ ಹೀಗೇ ಬಿದ್ದು ಮಣಿಕಟ್ಟು ಮುರಿದುಕೊಂಡರು. ಸೈಕಲ್ ಬರುವುದಿಲ್ಲವೆಂದು ಹೆದರಿ ಹೆದರಿ ಹತ್ತುತ್ತಿದ್ದ ಅವರ ಹೆಂಡತಿಗೆ ಪ್ರವಾಸ ಮುಗಿಯುವವರೆಗೂ ಒಂದು ಗೀರೂ ಆಗಲಿಲ್ಲ. ಆದ್ದರಿಂದ ನಿಯಮ ಇಷ್ಟು: ಎರಡೂ ಬ್ರೇಕು ಹಿಡಿದುಕೊಂಡು, ನಿಂತ ಸೈಕಲ್‌ನ ಮೇಲೆ ಕಾಲು ದಾಟಿಸಿ, ಒಂದು ಪಾದ ಗಟ್ಟಿಯಾಗಿ ನೆಲದ ಮೇಲಿಟ್ಟು, ಆಮೇಲೆ ಇನ್ನೊಂದು ಪೆಡಲಿಗೆ. ಇಳಿಯುವುದೂ ಸೈಕಲ್ ಪೂರ್ತಿ ನಿಂತ ಮೇಲೆ.

ಇನ್ನೂ ಎರಡು ಅಭ್ಯಾಸ ತಿದ್ದಿಕೊಳ್ಳಬೇಕು. ನಮ್ಮ ಸೈಕಲ್‌ಗಳಲ್ಲಿ ಮುಂದಿನ ಚಕ್ರದ ಬ್ರೇಕು ಸಾಮಾನ್ಯವಾಗಿ ಬಲಗೈಯಲ್ಲಿರುತ್ತದೆ, ಇಲ್ಲಿ ಎಡಗೈಯಲ್ಲಿ. ಅದರ ಮೇಲೆ, ಇಲ್ಲಿನ ಅನೇಕ ಬಾಡಿಗೆ ಸೈಕಲ್‌ಗಳಲ್ಲಿ ಪೆಡಲು ಹಿಂದಕ್ಕೆ ತುಳಿದರೂ ಬ್ರೇಕು ಬೀಳುತ್ತದೆ. ಹೊರಡುವ ಮುನ್ನ ಪೆಡಲನ್ನು ಹಿಂದೆ ತಿರುಗಿಸಿ ಸರಿಮಾಡಿಕೊಳ್ಳುವುದು ನಮಗೆಲ್ಲ ಕೈಗೂಡಿದ ಚಾಳಿ. ಆ ಸೈಕಲ್‌ನಲ್ಲಿ ಅದು ನಡೆಯುವುದಿಲ್ಲ, ಓಡುವಾಗ ಮಾಡಿದರೆ ಹಿಂದಿನ ಚಕ್ರ ಕಚ್ಚಿಕೊಳ್ಳುತ್ತದೆ. ಹೀಗೆ ಪೆಡಲು ಹಿಂದಕ್ಕೆ ತುಳಿದರೆ ಬೀಳುವ ಬ್ರೇಕು ಇಲ್ಲದ ಸೈಕಲ್ ಕೊಡಿ ಎಂದು ಮಗಳು ಮೊದಲೇ ಕೇಳಿ ಕಾದಿರಿಸಲಿ. ಎರಡನೆಯದು ರಸ್ತೆಯ ಬದಿ. ಇಲ್ಲಿ ಬಲಕ್ಕೇ ಹೋಗಬೇಕು. ದಡದ ದಾರಿಯಲ್ಲಿ ಎದುರಿನಿಂದ ಸೈಕಲ್ ಬಂದಾಗ ಗಾಬರಿಯಲ್ಲಿ ನಮ್ಮ ಕೈ ತಾನಾಗಿ ಎಡಕ್ಕೆ ಎಳೆಯುತ್ತದೆ, ಅವರೂ ಅದೇ ಕಡೆಗೆ ಬರುತ್ತಿರುತ್ತಾರೆ. ಮೊದಲೆರಡು ದಿನ ಮಗಳು ಮುಂದೆ, ನಿಮ್ಮ ಮನೆಯವರು ನಡುವೆ, ನೀವು ಹಿಂದೆ ಹೋಗಿ.

ಈಗ ಯೋಜನೆಗೆ ಬರೋಣ. ದಿನಕ್ಕೆ 50 ಕಿ.ಮೀ. ಮಗಳಿಗೆ ಸಾಧಾರಣ, ಕಾಲೂ ಗಟ್ಟಿ ಇದೆ, ವಯಸ್ಸೂ ಇದೆ. ನಿಮ್ಮ ಮನೆಯವರಿಗೆ 25ರಿಂದ 30 ಸಾಕು. ನಿಂತು, ನೋಡಿ, ಕಾಫಿ ಕುಡಿದು ಹೋದರೆ ಅದಕ್ಕೇ ನಾಲ್ಕು ಗಂಟೆ ಬೇಕು. ನಾಲ್ಕು ದಿನವೇ ಇರುವುದಾದರೆ ಪೂರ್ತಿ ದಾರಿಯ ಆಸೆ ಬಿಡಿ, ಆರೇಳು ದಿನ ಸಿಕ್ಕರೆ ಮಾತ್ರ ಅದಕ್ಕೆ ಕೈಹಾಕಿ.

ದಿಕ್ಕನ್ನೂ ತಿರುಗಿಸಿ. ಎಲ್ಲರೂ ಟ್ರಿಯರ್‌ನಿಂದ ಹೊರಡುತ್ತಾರೆ, ನಾನು ನಿಮಗೆ ಕೊಬ್ಲೆಂಜ್‌ನಿಂದ ಹೊರಡಿ ಎನ್ನುತ್ತೇನೆ. ಕಾರಣ ರೈಲು. ಕೊಬ್ಲೆಂಜ್‌ನಿಂದ ಕೊಖೆಮ್‌ವರೆಗೆ ರೈಲುಹಳಿ ನದಿಯ ಜೊತೆಗೇ ಇದೆ, ಹೆಜ್ಜೆಹೆಜ್ಜೆಗೂ ಸಣ್ಣ ನಿಲ್ದಾಣ. ಕೊಖೆಮ್ ಆಚೆ ಸುರಂಗದಲ್ಲಿ ನದಿಯ ಒಂದು ಬಳಸನ್ನು ಬಿಟ್ಟು, ಮತ್ತೆ ನದಿಗೆ ಬಂದು ಬುಲೈ ಎಂಬ ಊರು ಸೇರುತ್ತದೆ. ಮಂಡಿ ಸಾಕೆಂದ ಕಡೆ ಸೈಕಲ್ ಸಮೇತ ರೈಲು ಹತ್ತಬಹುದು. ಬುಲೈ ಆದ ಮೇಲೆ ಮುಖ್ಯ ಹಳಿ ನದಿಯನ್ನು ಬಿಟ್ಟು ಗುಡ್ಡದಾಚೆ ಹೋಗುತ್ತದೆ. ಟ್ರಾಬೆನ್-ಟ್ರಾರ್ಬಾಖ್‌ವರೆಗೆ ಒಂದು ಕವಲು ಮಾರ್ಗವಿದೆ, ಅಲ್ಲಿಂದ ಟ್ರಿಯರ್ ಹತ್ತಿರದವರೆಗೆ ದಡದಲ್ಲಿ ರೈಲೇ ಇಲ್ಲ. ಟ್ರಿಯರ್‌ನಿಂದ ಹೊರಟರೆ ಮೈ ಇನ್ನೂ ಹದವಾಗದ ಮೊದಲೆರಡು ದಿನಗಳು ಆಸರೆಯಿಲ್ಲದ ಭಾಗದಲ್ಲಿ ಕಳೆಯುತ್ತವೆ. ಕೊಬ್ಲೆಂಜ್‌ನಿಂದ ಹೊರಟರೆ ಆಸರೆ ಇರುವಲ್ಲಿ ಮೈಯನ್ನು ಪರೀಕ್ಷೆ ಮಾಡಿಕೊಂಡು, ಸರಿಯೆನಿಸಿದರೆ ಮುಂದಕ್ಕೆ ಹೋಗಬಹುದು. ಇದಕ್ಕೆ ಎರಡು ಬೆಲೆ ತೆರಬೇಕು: ಇಲ್ಲಿ ಗಾಳಿ ಹೆಚ್ಚಾಗಿ ನೈರುತ್ಯದಿಂದ ಬೀಸುವುದರಿಂದ ಕೆಲವು ಕಡೆ ಎದುರಾಗುತ್ತದೆ, ಮತ್ತು ಮೊದಲ ಮೂವತ್ತು ಕಿಲೋಮೀಟರಿನಲ್ಲಿ ದಾರಿ ಅಲ್ಲಲ್ಲಿ ವಾಹನಗಳ ರಸ್ತೆಗೆ ಅಂಟಿಕೊಂಡೇ ಇದೆ, ಸದ್ದಿದೆ. ಗಾಳಿಯನ್ನು ಮೋಟಾರು ನೋಡಿಕೊಳ್ಳುತ್ತದೆ.

ಹಾಗೆ ಹೋದರೆ ಮೊದಲ ದಿನ ಮೋಸೆಲ್‌ಕೆರ್ನ್‌ವರೆಗೆ, ಸುಮಾರು 34 ಕಿ.ಮೀ. ಸಾಕೆನಿಸಿದರೆ ಅದಕ್ಕೂ ಮೊದಲೇ ರೈಲು. ಎರಡನೇ ದಿನ ಬೆಳಗ್ಗೆ ಎಲ್ಟ್ಸ್ ಕೋಟೆ, ಮಧ್ಯಾಹ್ನ ಕೊಖೆಮ್‌ವರೆಗಿನ 17 ಕಿ.ಮೀ. ಮೂರನೇ ದಿನ ಕೊಖೆಮ್‌ನಲ್ಲೇ ಇದ್ದು, ಹತ್ತು ಕಿಲೋಮೀಟರ್ ದೂರದ ಬೈಲ್‌ಸ್ಟೈನ್‌ಗೆ ಖಾಲಿ ಸೈಕಲ್‌ನಲ್ಲಿ ಹೋಗಿಬನ್ನಿ. ಸೇತುವೆಯಿಲ್ಲದ ಆ ಪುಟ್ಟ ಊರಿನ ಮುಂದೆ ಸೈಕಲ್ ಸಮೇತ ನದಿ ದಾಟಿಸುವ ದೋಣಿಯಿದೆ. ಅದರಲ್ಲಿ ಕೂತಾಗಲೇ ಆ ಊರು ಅತಿ ಚೆನ್ನಾಗಿ ಕಾಣುವುದು. ನಾಲ್ಕನೇ ದಿನ ಜೆಲ್‌ವರೆಗೆ 37 ಕಿ.ಮೀ. ಇದೇ ಇಡೀ ದಾರಿಯ ಅತ್ಯಂತ ಚೆಲುವಾದ ಭಾಗ, ಬ್ರೆಮ್‌ನ ದೊಡ್ಡ ತಿರುವು ಇಲ್ಲೇ ಬರುತ್ತದೆ. ಕಾಲು ಬೇಡವೆಂದರೆ ಕೊಖೆಮ್‌ನಿಂದ ರೈಲು ಹತ್ತಿ. 1879ರಲ್ಲಿ ತೆರೆದ, 4 ಕಿ.ಮೀ.ಗೂ ಉದ್ದದ ಸುರಂಗದಲ್ಲಿ ಅದು ಬ್ರೆಮ್‌ಗಿಂತ ಮೊದಲು ಬರುವ ನದಿಯ ಉದ್ದನೆಯ ಬಳಸನ್ನು ದಾಟಿಸಿ ಆಚೆ ಬಿಡುತ್ತದೆ. ಜೆಲ್‌ನಿಂದ ಟ್ರಾಬೆನ್ 18 ಕಿ.ಮೀ., ಅಲ್ಲಿಂದ ಬರ್ನ್‌ಕಾಸ್ಟೆಲ್ ಮತ್ತೆ 24. ಬರ್ನ್‌ಕಾಸ್ಟೆಲ್‌ನಲ್ಲಿ ಮರದ ಚೌಕಟ್ಟಿನ ಹಳೆಯ ಮನೆಗಳ ಚೌಕದಲ್ಲಿ ಒಂದು ಸಂಜೆ ಕಳೆಯದೆ ಮುಂದೆ ಹೋಗಬೇಡಿ. ಕೊನೆಯ 60 ಚಿಲ್ಲರೆ ಕಿಲೋಮೀಟರನ್ನು ಎರಡು ದಿನ ಮಾಡಿ, ಇಲ್ಲವೇ ಬಸ್ಸಿನಲ್ಲಿ ಟ್ರಿಯರ್ ಸೇರಿ. ಸೀಸನ್ನಿನಲ್ಲಿ ಹಿಂದೆ ಸೈಕಲ್ ಗಾಡಿ ಕಟ್ಟಿಕೊಂಡ ಬಸ್ಸು ಓಡುತ್ತದೆ, ಜಾಗ ಮೊದಲೇ ಕಾದಿರಿಸಬೇಕು. ಕ್ರಿ.ಶ. ಎರಡನೇ ಶತಮಾನದಲ್ಲಿ ರೋಮನ್ನರು ಕಟ್ಟಿದ ಪೋರ್ಟಾ ನಿಗ್ರಾ ಎಂಬ ಕಪ್ಪು ಹೆಬ್ಬಾಗಿಲನ್ನು ನೋಡಲು ಟ್ರಿಯರ್‌ಗೆ ಹೇಗಾದರೂ ಹೋಗಲೇಬೇಕು. ನಿಮ್ಮಂಥ ಮೇಷ್ಟ್ರಿಗೆ ಅಲ್ಲಿಯ ವಸ್ತುಸಂಗ್ರಹಾಲಯದಲ್ಲಿ ಇನ್ನೊಂದಿದೆ: ನಾಯ್‌ಮಾಗೆನ್‌ನಲ್ಲಿ ಸಿಕ್ಕ, ಪೀಪಾಯಿಗಳನ್ನು ಹೊತ್ತ ದೋಣಿಯ ಕಲ್ಲಿನ ಶಿಲ್ಪ. ಈ ನದಿಯಲ್ಲಿ ದ್ರಾಕ್ಷಾರಸದ ವ್ಯಾಪಾರ ಎಷ್ಟು ಹಳೆಯದೆಂದು ಅದನ್ನು ನೋಡಿದರೆ ಗೊತ್ತಾಗುತ್ತದೆ.

ಇನ್ನೊಂದು ದಾರಿಯೂ ಇದೆ. ಅವರು ಈಗಲೇ ಬಹಳ ಹಿಂಜರಿಯುತ್ತಿದ್ದರೆ ಇದೇ ಒಳ್ಳೆಯದು. ಕೊಖೆಮ್‌ನಲ್ಲಿ ಒಂದೇ ಕಡೆ ನಾಲ್ಕು ರಾತ್ರಿ ಕೋಣೆ ಹಿಡಿದು, ದಿನವೂ ಒಂದು ದಿಕ್ಕಿಗೆ ಸೈಕಲ್‌ನಲ್ಲಿ ಹೋಗಿ ರೈಲಿನಲ್ಲೋ ದೋಣಿಯಲ್ಲೋ ವಾಪಸು ಬರುವುದು. ಗಂಟುಮೂಟೆಯ ತಾಪತ್ರಯವಿಲ್ಲ, ಒಂದು ದಿನ ಮಂಡಿ ಬೇಡವೆಂದರೆ ಕೋಣೆಯಲ್ಲೇ ಇರಬಹುದು. ಊರಿಂದೂರಿಗೆ ಸಾಗುವ ಖುಷಿ ಅದರಲ್ಲಿ ಸಿಗುವುದಿಲ್ಲ, ಅಷ್ಟೇ. ಮೊದಲನೆಯದನ್ನೇ ಆರಿಸಿದರೆ, ಬ್ಯಾಗುಗಳನ್ನು ಒಂದು ಹೋಟೆಲಿನಿಂದ ಇನ್ನೊಂದಕ್ಕೆ ಸಾಗಿಸುವ ಸೇವೆ ಈ ಕಣಿವೆಯಲ್ಲಿ ಚೆನ್ನಾಗಿದೆ. ಅದಕ್ಕೆ ಹಣ ಕೊಡಿ, ಕ್ಯಾರಿಯರ್ ಮೇಲೆ ಭಾರ ಹೇರಬೇಡಿ. ರೈಲಿಗೆ ಸೈಕಲ್ ಏರಿಸುವಾಗ ಇಬ್ಬರು ಹಿಡಿಯಿರಿ. ನಿಮ್ಮ ಮನೆಯವರು ಕೈಹಾಕುವುದು ಬೇಡ.

ಕೋಟೆಗಳ ಬಗ್ಗೆ ಮೊದಲೇ ಹೇಳಿದೆ, ಅಪಾಯ ಇಳಿಯುವುದರಲ್ಲಿ. ಎಲ್ಟ್ಸ್ ಕೋಟೆ ಯುದ್ಧದಲ್ಲಿ ಎಂದೂ ನಾಶವಾಗದೆ, ಎಂಟು ಶತಮಾನಕ್ಕೂ ಹೆಚ್ಚು ಕಾಲದಿಂದ ಒಂದೇ ಮನೆತನದ ಕೈಯಲ್ಲಿರುವುದು. ಹಳೆಯ 500 ಮಾರ್ಕಿನ ನೋಟಿನ ಮೇಲೆ ಅದರ ಚಿತ್ರವಿತ್ತು. ಮೋಸೆಲ್‌ಕೆರ್ನ್‌ನಿಂದ ಕಾಡಿನ ಹಳ್ಳದ ಪಕ್ಕದ ಕಾಲುದಾರಿ ನಮ್ಮ ಮಲೆನಾಡಿನಷ್ಟೇ ತಂಪು, ಆದರೆ ಕೊನೆಯ ಏರು ಚುರುಕಾಗಿದೆ. ನೀವು ಮತ್ತು ಮಗಳು ಅಲ್ಲಿಂದ ನಡೆಯಿರಿ. ನಿಮ್ಮ ಮನೆಯವರಿಗೆ ಗುಡ್ಡದ ಮೇಲಿನ ವಾಹನ ನಿಲ್ದಾಣದವರೆಗೆ ಟ್ಯಾಕ್ಸಿ, ಅಲ್ಲಿಂದ ಕೋಟೆಯ ಸಣ್ಣ ಬಸ್ಸು. ಒಳಗೂ ಮೆಟ್ಟಿಲುಗಳಿವೆ. ಕಂಬಿ ಹಿಡಿದು, ಇಳಿಯುವಾಗ ನೋವಿರುವ ಕಾಲು ಮೊದಲು, ಹತ್ತುವಾಗ ಒಳ್ಳೆಯ ಕಾಲು ಮೊದಲು ಇಡಲಿ. ಮಡಚುವ ಊರುಗೋಲು ಒಂದು ತರಲಿ. ಕೊಖೆಮ್‌ನ ಕೋಟೆಯನ್ನು 1689ರಲ್ಲಿ ಫ್ರೆಂಚ್ ಸೈನ್ಯ ಹಾಳುಗೆಡವಿತ್ತು. ಬರ್ಲಿನ್ನಿನ ಶ್ರೀಮಂತ ವ್ಯಾಪಾರಿಯೊಬ್ಬ 1868ರಲ್ಲಿ ಅವಶೇಷ ಕೊಂಡು ಮತ್ತೆ ಕಟ್ಟಿಸಿದ. ಸೀಸನ್ನಿನಲ್ಲಿ ಅಲ್ಲಿಗೂ ಊರಿನಿಂದ ಬಸ್ಸಿದೆ. ಕೊಬ್ಲೆಂಜ್‌ನ ಎದುರುದಡದ ಎರೆನ್‌ಬ್ರೈಟ್‌ಸ್ಟೈನ್ ಕೋಟೆಗೆ ರೈನ್ ನದಿಯ ಮೇಲಿನಿಂದ ಹಗ್ಗದ ಮೇಲೆ ತೂಗುವ ಕೇಬಲ್ ಕಾರು ಹೋಗುತ್ತದೆ, ಮಂಡಿಗೆ ಏನೂ ಕೆಲಸವಿಲ್ಲ.

ಸೆಪ್ಟೆಂಬರ್ ಕೊನೆ ಅಂದರೆ ದ್ರಾಕ್ಷಿ ಕೊಯ್ಲು. ಕಣ್ಣಿಗೆ ಹಬ್ಬ, ಜನವೂ ವಿಪರೀತ. ಅಕ್ಟೋಬರ್ 3 ರಾಷ್ಟ್ರೀಯ ರಜೆ, ಅದರ ಆಸುಪಾಸು ಕೋಣೆ ಸಿಗುವುದು ಕಷ್ಟ, ಈಗಲೇ ಹಿಡಿಯಿರಿ. ಟ್ರಾಕ್ಟರುಗಳು ತೋಟದಿಂದ ದಾರಿಗೆ ಇಳಿಸುವ ಸ್ಲೇಟಿನ ಕೆಸರು ಮಳೆ ಬಿದ್ದಾಗ ಪಾಚಿಯಂತೆ ಜಾರುತ್ತದೆ, ಅಂಥಲ್ಲಿ ಇಳಿದು ತಳ್ಳಿ. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ಶನಿವಾರವೇ ಹಣ್ಣು, ಬ್ರೆಡ್ಡು ಕೊಂಡಿಡಿ. ಹಳ್ಳಿಯ ಹೋಟೆಲುಗಳ ಅಡುಗೆಮನೆ ಮಧ್ಯಾಹ್ನ ಎರಡಕ್ಕೆ ಮುಚ್ಚಿ ಸಂಜೆ ತೆರೆಯುತ್ತದೆ.

ಸಸ್ಯಾಹಾರ ಸಿಗುತ್ತದೆ, ಆದರೆ ಕೇಳಿಯೇ ತಿನ್ನಬೇಕು. ತರಕಾರಿ ಸೂಪಿಗೆ ಮಾಂಸದ ಸಾರು, ಈರುಳ್ಳಿ ಕಡುಬಿಗೆ ಹಂದಿಯ ಕೊಬ್ಬು ಹಾಕುವುದು ಇಲ್ಲಿ ಸಹಜ. 'ಓನೆ ಫ್ಲೈಶ್, ಓನೆ ಶ್ಪೆಕ್' ಎಂದರೆ ಮಾಂಸವೂ ಬೇಡ, ಹಂದಿಕೊಬ್ಬೂ ಬೇಡ ಎಂದು. ಆಲೂಗಡ್ಡೆ ತುರಿದು ಕಾಯಿಸುವ ರೈಬೆಕೂಖೆನ್ ನಿಮಗೆ ಹಿಡಿಸಬಹುದು. ಬಾಗಿಲಿಗೆ ಸೊಪ್ಪಿನ ಕಟ್ಟು ನೇತುಹಾಕಿದ ಮನೆ ಕಂಡರೆ ಒಳಗೆ ಹೋಗಿ. ದ್ರಾಕ್ಷಿ ಬೆಳೆಗಾರರೇ ವರ್ಷದಲ್ಲಿ ಕೆಲವು ತಿಂಗಳು ತಮ್ಮ ಅಂಗಳದಲ್ಲಿ ನಡೆಸುವ ಊಟದ ಮನೆ ಅದು. ವೈನು ಬೇಡದವರಿಗೆ ಅವರದೇ ತೋಟದ ದ್ರಾಕ್ಷಿರಸ ಕೊಡುತ್ತಾರೆ. ಇಲ್ಲಿಯದೇ ಕೆಂಪು ಪೀಚ್ ಹಣ್ಣಿನ ಜಾಮು ಒಂದು ಬಾಟಲಿ ಊರಿಗೆ ಒಯ್ಯಿರಿ.

ನಿಮ್ಮ ಬಿ.ಪಿ. ಮಾತ್ರೆಯನ್ನು ಹಗುರವಾಗಿ ಬರೆದಿದ್ದೀರಿ. ಹೊರಡುವ ಮುನ್ನ ನಿಮ್ಮ ಡಾಕ್ಟರ ಬಳಿ ಆ ಮಾತ್ರೆ ಯಾವ ಬಗೆಯದೆಂದು ಕೇಳಿ. ಕೆಲವು ಮೂತ್ರ ಹೆಚ್ಚಿಸುತ್ತವೆ. ನೀರು ಕಡಿಮೆಯಾದರೆ ನಿಂತಾಗ ತಲೆ ಸುತ್ತುತ್ತದೆ. ಕೆಲವು ನಾಡಿ ಬಡಿತವನ್ನೇ ತಗ್ಗಿಸುತ್ತವೆ, ಆಗ ಕೈಗಡಿಯಾರದ ಬಡಿತದ ಲೆಕ್ಕ ನಂಬುವಂತಿಲ್ಲ. ತುಳಿಯುತ್ತಾ ಪೂರ್ತಿ ವಾಕ್ಯ ಮಾತಾಡಲು ಬಂದರೆ ವೇಗ ಸರಿ, ಮಾತು ತುಂಡಾದರೆ ನಿಧಾನಿಸಿ. ಮಂಡಿ ನೋವಿಗೆಂದು ಬೆಳಗ್ಗೆಯೇ ಮಾತ್ರೆ ನುಂಗಿ ಹೊರಡುವುದು ಇಬ್ಬರಿಗೂ ಬೇಡ. ಅವರಿಗೆ ನೋವಿನ ಎಚ್ಚರಿಕೆ ಕೇಳಿಸದಂತಾಗುತ್ತದೆ. ನಿಮಗೆ, ಬಿ.ಪಿ. ಮಾತ್ರೆಯ ಜೊತೆ ಕೆಲವು ನೋವಿನ ಮಾತ್ರೆ ಸೇರಿದರೆ ಮೂತ್ರಪಿಂಡಕ್ಕೆ ಪೆಟ್ಟು. ವೀಸಾಕ್ಕಾಗಿ ಮಾಡಿಸುವ ವಿಮೆಯಲ್ಲಿ ಮೊದಲಿನಿಂದ ಇದ್ದ ಕಾಯಿಲೆ ಸೇರುತ್ತದೆಯೇ ಎಂದು ಓದಿ ನೋಡಿ. ಎದೆ ಹಿಡಿದಂತಾದರೆ ಇಲ್ಲಿ ಕರೆ ಮಾಡಬೇಕಾದ ಸಂಖ್ಯೆ 112.

ಊರಿನಲ್ಲಿ ಈಗಿನಿಂದಲೇ ಎಂಟು ವಾರದ ತಯಾರಿ ಮಾಡಿಸಿ. ದಿನವೂ ಕುರ್ಚಿಯಿಂದ ಕೈ ಊರದೆ ಏಳುವುದು, ಕೂರುವುದು, ಹತ್ತು ಸಲ, ಬೆಳಗ್ಗೆ ಸಂಜೆ. ಅದು ತೊಡೆಯ ಮುಂದಿನ ಸ್ನಾಯುವಿಗೆ. ಆ ಸ್ನಾಯು ಗಟ್ಟಿಯಾದಷ್ಟೂ ಮಂಡಿಗೆ ಆಸರೆ. ವಾರಕ್ಕೆ ಮೂರು ದಿನ ಬೆಳಗಿನ ಹೊತ್ತು ನಿಮ್ಮ ಹಳೆಯ ಶಾಲೆಯ ಮೈದಾನದಲ್ಲಿ ಸೈಕಲ್. ಮೊದಲ ವಾರ ಹೊರಡುವುದು, ನಿಲ್ಲುವುದು, ಪಾದ ಊರುವುದು, ತಿರುಗಿ ನೋಡುವುದು ಇಷ್ಟೇ. ನೀವೂ ಅವರ ಜೊತೆ ನಿಂತ ಸೈಕಲ್ ಹತ್ತುವುದನ್ನು ಕಲಿಯಿರಿ. ಆಮೇಲೆ ದೂರ ಹೆಚ್ಚಿಸಿ. ತುಳಿಯುವಾಗ ಸ್ವಲ್ಪ ನೋವಾದರೆ ತಪ್ಪಿಲ್ಲ. ಮರುದಿನ ಬೆಳಗ್ಗೆ ಮೊದಲಿಗಿಂತ ಹೆಚ್ಚು ನೋವು, ಊತ ಇದ್ದರೆ ಅಂದಿನ ದೂರ ಹೆಚ್ಚಾಯಿತೆಂದು ಲೆಕ್ಕ, ಎರಡು ದಿನ ಬಿಟ್ಟು ಅರ್ಧದಿಂದ ಶುರುಮಾಡಿ. ಎರಡು ತಿಂಗಳಾಗುವ ಹೊತ್ತಿಗೆ ಒಂದೇ ದಿನ 20 ಕಿ.ಮೀ. ತುಳಿದು, ಮರುದಿನವೂ 15 ತುಳಿಯಲು ಆದರೆ ಮೋಸೆಲ್‌ಗೆ ಅವರು ಸಿದ್ಧ. ಆಗದಿದ್ದರೆ ಕೊಖೆಮ್‌ನಲ್ಲಿ ಕೋಣೆ ಹಿಡಿಯುವ ಎರಡನೇ ದಾರಿ ಇದ್ದೇ ಇದೆ.

ಊರಿನ ಸೈಕಲ್‌ನಲ್ಲಿ ಸೀಟಿನ ಎತ್ತರ ಸರಿಹೊಂದಿದ ದಿನ ಎರಡೂ ಪೆಡಲಿನ ತೋಳುಗಳು ಸೇರುವ ನಡುವಿನ ಅಚ್ಚಿನಿಂದ ಸೀಟಿನ ಮೇಲ್ಭಾಗದವರೆಗೆ ಟೇಪು ಹಿಡಿದು ಅಳೆದು, ಸೆಂಟಿಮೀಟರಿನಲ್ಲಿ ಬರೆದಿಟ್ಟುಕೊಳ್ಳಿ. ಇಲ್ಲಿಯ ಬಾಡಿಗೆ ಅಂಗಡಿಯಲ್ಲಿ ಆ ಅಂಕಿಯನ್ನೇ ತೋರಿಸಿ. ಅಲ್ಲಿಗೆ ಹೋಗುವಾಗ ಅವರು ದಾರಿಯಲ್ಲಿ ಹಾಕಿಕೊಳ್ಳುವ ಅದೇ ಶೂ ಹಾಕಿಕೊಂಡು ಹೋಗಲಿ. ಅಟ್ಟೆಯ ದಪ್ಪ ಬದಲಾದರೆ ಸೀಟಿನ ಎತ್ತರವೂ ಬದಲಾಗುತ್ತದೆ.